ಯೂರಿಕ್ ಆಸಿಡ್ ಮತ್ತು ಒಸಡಿನ ರೋಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹಲ್ಲುಜ್ಜುವಾಗ ರಕ್ತ ಬರುತ್ತಿದೆ, ರಕ್ತಪರೀಕ್ಷೆಯಲ್ಲಿ ಯೂರಿಕ್ ಆಸಿಡ್ (ದೇಹದಲ್ಲಿ ತಯಾರಾಗಿ ಹೆಚ್ಚಾಗಿ ಮೂತ್ರದಲ್ಲಿ ಹೊರಹೋಗುವ ತ್ಯಾಜ್ಯ) ಜಾಸ್ತಿ ಬಂದಿದೆ. ಇದರಿಂದಲೇ ಅದು ಆಗಿದೆಯೇ ಎಂಬ ಅನುಮಾನ ಆಗ ಸಹಜ. ಎರಡರ ನಡುವೆ ನಂಟಿರುವುದು ನಿಜ, ಆದರೆ ಅದು ಬಹಳ ಮಂದಿ ಊಹಿಸಿದ ಜಾಗದಲ್ಲಿಲ್ಲ. ರೋಗಿಗೆ ಅದು ನಿಜವಾಗಿ ತಟ್ಟುವುದು ಎರಡಕ್ಕೂ ತೆಗೆದುಕೊಳ್ಳುವ ಔಷಧಿಗಳಲ್ಲಿ. ಆ ಭಾಗವನ್ನು ಕೆಳಗೆ ಸ್ವಲ್ಪ ವಿಸ್ತಾರವಾಗಿಯೇ ಬರೆದಿದೆ. ಇಲ್ಲಿರುವುದೆಲ್ಲ ವಯಸ್ಕರಿಗೆ ಅನ್ವಯಿಸುವ ಮಾಹಿತಿ.

ಯೂರಿಕ್ ಆಸಿಡ್ ಹೆಚ್ಚಾದರೆ ಒಸಡಿನ ರೋಗ ಬರುತ್ತದೆಯೇ?

ಹಾಗೆ ಹೇಳಲು ಸಾಕಷ್ಟು ಆಧಾರವಿಲ್ಲ. ಒಸಡಿನ ರೋಗ ಶುರುವಾಗುವುದು ಹಲ್ಲು ಮತ್ತು ಒಸಡು ಕೂಡುವ ಅಂಚಿನಲ್ಲಿ ಕಟ್ಟುವ ಪ್ಲಾಕ್ ಎಂಬ ಬ್ಯಾಕ್ಟೀರಿಯಾದ ಪದರದಿಂದ. ಮೊದಲು ಒಸಡು ಕೆಂಪಾಗಿ ಊದಿ, ಮುಟ್ಟಿದರೆ ರಕ್ತ ಬರುತ್ತದೆ. ಇದು ಜಿಂಜಿವೈಟಿಸ್, ಶುಚಿ ಮಾಡಿಕೊಂಡರೆ ಪೂರ್ತಿ ವಾಸಿಯಾಗುತ್ತದೆ. ಕೆಲವರಲ್ಲಿ ಉರಿಯೂತ ಅಲ್ಲಿಗೆ ನಿಲ್ಲದೆ ಒಳಗಿಳಿದು ಹಲ್ಲನ್ನು ಹಿಡಿದಿರುವ ನಾರುಗಳನ್ನೂ ದವಡೆಯ ಮೂಳೆಯನ್ನೂ ಕರಗಿಸುತ್ತದೆ. ಇದು ಪೆರಿಯೊಡಾಂಟೈಟಿಸ್. ಹೋದ ಮೂಳೆ ತಾನಾಗಿ ಮರಳಿ ಬರುವುದಿಲ್ಲ.

ರೋಗ ಎಷ್ಟು ವೇಗವಾಗಿ ಮುಂದುವರಿಯಬಹುದೆಂದು ಅಂದಾಜಿಸಲು ದಂತವೈದ್ಯರು ಬಳಸುವ ಈಗಿನ ವರ್ಗೀಕರಣ 2017ರ ಅಂತರರಾಷ್ಟ್ರೀಯ ಕಾರ್ಯಾಗಾರದಲ್ಲಿ ರೂಪುಗೊಂಡು 2018ರಲ್ಲಿ ಪ್ರಕಟವಾಯಿತು. ಅದರಲ್ಲಿ ರೋಗದ ಗ್ರೇಡ್ ಏರಿಸುವ ಅಂಶಗಳೆಂದು ಅಂಕಿ ಸಮೇತ ಸೇರಿಸಿರುವುದು ಎರಡನ್ನು ಮಾತ್ರ: ಧೂಮಪಾನ (ದಿನಕ್ಕೆ 10 ಅಥವಾ ಹೆಚ್ಚು ಸಿಗರೇಟು) ಮತ್ತು ಮಧುಮೇಹ (ಎರಡು ಮೂರು ತಿಂಗಳ ಸರಾಸರಿ ರಕ್ತಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 7 ಶೇಕಡಾ ಅಥವಾ ಹೆಚ್ಚು). ಯೂರಿಕ್ ಆಸಿಡ್ ಆ ಪಟ್ಟಿಯಲ್ಲಿಲ್ಲ. ನಿಮ್ಮ ಒಸಡಿನ ಬಗ್ಗೆ ಅಂದಾಜು ಮಾಡಲು ಒಂದೇ ಒಂದು ರಕ್ತಪರೀಕ್ಷೆ ಮಾಡಿಸುವುದಾದರೆ ಎಚ್‌ಬಿಎ1ಸಿ ಮಾಡಿಸಿ.

ಹಾಗಾದರೆ ಎರಡಕ್ಕೂ ಸಂಬಂಧವಿದೆ ಎನ್ನುವ ಅಧ್ಯಯನಗಳು ಏಕೆ ಬರುತ್ತಿವೆ?

ಒಸಡಿನ ರೋಗ ಇರುವವರ ರಕ್ತದಲ್ಲಿ ಯೂರಿಕ್ ಆಸಿಡ್ ತುಸು ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳುತ್ತವೆ, ವ್ಯತ್ಯಾಸವೇ ಇಲ್ಲ ಎಂದು ಇನ್ನು ಕೆಲವು. ಇವುಗಳಲ್ಲಿ ಹೆಚ್ಚಿನವು ಒಂದೇ ಸಲ ಅಳತೆ ತೆಗೆದುಕೊಂಡವು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಒಂದು ಸಲದ ಅಳತೆಯಿಂದ ತಿಳಿಯದು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಬೊಜ್ಜು, ಮಧುಮೇಹ, ರಕ್ತದೊತ್ತಡ, ಕಿಡ್ನಿ ದುರ್ಬಲವಾಗಿರುವುದು, ವಯಸ್ಸು, ಮದ್ಯಪಾನ ಇವು ಯೂರಿಕ್ ಆಸಿಡ್ ಹೆಚ್ಚಿರುವವರಲ್ಲಿಯೂ ಕಾಣುತ್ತವೆ, ಒಸಡು ಕೆಟ್ಟವರಲ್ಲಿಯೂ ಕಾಣುತ್ತವೆ. ಇವನ್ನೆಲ್ಲ ಲೆಕ್ಕದಿಂದ ಕಳೆದು ನೋಡಿದಾಗ ಯೂರಿಕ್ ಆಸಿಡ್‌ನ ಪಾಲು ಎಷ್ಟು ಉಳಿಯುತ್ತದೆ ಎಂಬುದೇ ವಾದದ ವಿಷಯ. ಒಂದೇ ಅಧ್ಯಯನದ ತಲೆಬರಹ ನೋಡಿ ಮಾತ್ರೆ ಶುರು ಮಾಡುವುದು ಅಥವಾ ಆಹಾರ ಬಿಡುವುದು ಸಲ್ಲದು.

ಜೊಲ್ಲಿನಲ್ಲಿಯೂ ಯೂರಿಕ್ ಆಸಿಡ್ ಇರುತ್ತದಂತೆ, ಅದು ಒಳ್ಳೆಯದೋ ಕೆಟ್ಟದ್ದೋ?

ಅಲ್ಲಿ ಅದು ಬಹುಪಾಲು ಕಾವಲುಗಾರ. ಜೊಲ್ಲಿನ ಉತ್ಕರ್ಷಣ ನಿರೋಧಕ ಶಕ್ತಿಯ ದೊಡ್ಡ ಪಾಲು, ಸುಮಾರು 70 ಶೇಕಡಾ, ಯೂರಿಕ್ ಆಸಿಡ್‌ನದ್ದು. ಬ್ಯಾಕ್ಟೀರಿಯಾ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ತೀಕ್ಷ್ಣವಾದ ಆಮ್ಲಜನಕದ ಸಂಯುಕ್ತಗಳನ್ನು ಚೆಲ್ಲುತ್ತವೆ; ಅವು ಒಸಡಿನ ಸ್ವಂತ ಕೋಶಗಳನ್ನೂ ಸುಡುತ್ತವೆ. ಜೊಲ್ಲಿನ ಯೂರಿಕ್ ಆಸಿಡ್ ಅವನ್ನು ತಣಿಸುತ್ತದೆ. ಪೆರಿಯೊಡಾಂಟೈಟಿಸ್ ಇರುವವರ ಜೊಲ್ಲಿನಲ್ಲಿ ಅದು ಕಡಿಮೆ ಇದ್ದದ್ದನ್ನು ಹಲವು ಅಧ್ಯಯನಗಳು ಕಂಡಿವೆ. ತಣಿಸುವ ಕೆಲಸದಲ್ಲಿ ಖರ್ಚಾಗಿರಬಹುದು ಎಂಬುದು ಒಂದು ವಿವರಣೆ.

ಅಂದರೆ ರಕ್ತದಲ್ಲಿ ಹೆಚ್ಚು, ಜೊಲ್ಲಿನಲ್ಲಿ ಕಡಿಮೆ ಎಂಬ ಎರಡು ಫಲಿತಾಂಶಗಳೂ ಒಂದೇ ರೋಗದಲ್ಲಿ ಕಾಣಬಹುದು. ‘ಯೂರಿಕ್ ಆಸಿಡ್ ಒಸಡಿಗೆ ಕೆಟ್ಟದ್ದು’ ಎಂಬ ಸರಳ ಮಾತು ನಿಲ್ಲದಿರುವುದು ಇದಕ್ಕೇ.

ರಕ್ತ ಕೊಡುವ ಬದಲು ಜೊಲ್ಲಿನಲ್ಲೇ ಪರೀಕ್ಷೆ ಮಾಡಿಸಿಕೊಳ್ಳಬಹುದೇ?

ಸಂಶೋಧನೆಗೆ ಸರಿ, ಚಿಕಿತ್ಸೆ ನಿರ್ಧರಿಸಲು ಸಾಲದು. ಅಗಿದು ಬರಿಸಿದ ಜೊಲ್ಲು ತೆಳ್ಳಗಾಗಿ ಅಂಕಿ ಇಳಿಯುತ್ತದೆ. ಒಸಡಿನ ರಕ್ತ ಬೆರೆತರೆ ಅಂಕಿ ಕೆಡುತ್ತದೆ, ಒಸಡಿನ ರೋಗ ಇರುವವರಲ್ಲಿ ಬೆರೆಯುವ ಸಂಭವವೇ ಹೆಚ್ಚು. ಬೆಳಗ್ಗೆ ತೆಗೆದದ್ದಕ್ಕೂ ಊಟದ ನಂತರ ತೆಗೆದದ್ದಕ್ಕೂ ತಾಳೆಯಾಗದು.

ಯೂರಿಕ್ ಆಸಿಡ್ ಒಸಡಿಗೆ ಹಾನಿ ಮಾಡುವ ದಾರಿ ಯಾವುದಾದರೂ ಇದೆಯೇ?

ಪ್ರಯೋಗಾಲಯದ ಮಟ್ಟದಲ್ಲಿ ಎರಡು ದಾರಿಗಳು ಗೊತ್ತಿವೆ. ದೇಹದಲ್ಲಿ ಪ್ಯೂರಿನ್‌ಗಳು (ಕೋಶಗಳಲ್ಲೂ ಆಹಾರದಲ್ಲೂ ಇರುವ ಒಂದು ಬಗೆಯ ರಾಸಾಯನಿಕಗಳು) ಒಡೆದಾಗ ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವ ಕೊನೆಯ ಎರಡು ಹಂತಗಳನ್ನು ನಡೆಸಿ ಯೂರಿಕ್ ಆಸಿಡ್ ತಯಾರಿಸುತ್ತದೆ. ಜೊತೆಗೇ ಹಾನಿಕರ ಆಮ್ಲಜನಕ ಸಂಯುಕ್ತಗಳನ್ನೂ ಹುಟ್ಟಿಸುತ್ತದೆ. ಹೀಗಾಗಿ ಯೂರಿಕ್ ಆಸಿಡ್ ಏರಿದ್ದು ತಾನೇ ತಪ್ಪಿತಸ್ಥ ಆಗಿರದೆ, ಆ ಚಟುವಟಿಕೆಯ ಗುರುತಷ್ಟೇ ಆಗಿರಲೂಬಹುದು.

ಎರಡನೆಯದು ಹರಳುಗಳ ದಾರಿ. ಯೂರೇಟ್ (ಯೂರಿಕ್ ಆಸಿಡ್‌ನ ಲವಣ) ಹರಳುಗಳು ಬಿಳಿ ರಕ್ತಕಣಗಳೊಳಗಿನ ಎನ್‌ಎಲ್‌ಆರ್‌ಪಿ3 ಎಂಬ ಎಚ್ಚರಿಕೆ ವ್ಯವಸ್ಥೆಯನ್ನು ಕೆರಳಿಸಿ ಉರಿಯೂತ ಹಬ್ಬಿಸುವ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂಕೇತ ವಸ್ತುವನ್ನು ಬಿಡುಗಡೆ ಮಾಡಿಸುತ್ತವೆ. ಈ ಹರಳುಗಳು ಕೀಲುಗಳಲ್ಲಿ ಸೇರಿ ನೋವು ತರುವ ಗೌಟ್ ಎಂಬ ರೋಗದಲ್ಲಿ ಕಾಲ ಹೆಬ್ಬೆರಳು ಉರಿದು ಊದುವುದು ಇದರಿಂದ. ಒಸಡಿನ ರೋಗದಲ್ಲಿ ಮೂಳೆ ಸವೆಯಿಸುವ ಕೋಶಗಳನ್ನು ಎಬ್ಬಿಸುವುದರಲ್ಲಿ ಇದೇ ಇಂಟರ್‌ಲ್ಯೂಕಿನ್-1 ಬೀಟಾದ ಕೈಯಿದೆ. ಆದರೆ ಒಸಡಿನಲ್ಲಿ ಅದನ್ನು ಕೆರಳಿಸುವುದು ಬ್ಯಾಕ್ಟೀರಿಯಾ. ಕೊನೆಯ ಹಾದಿ ಒಂದೇ ಆದರೂ ಬೆಂಕಿ ಹಚ್ಚಿದವರು ಬೇರೆ.

ಹಲ್ಲಿಗೆ ಕಟ್ಟುವ ಗಟ್ಟಿ ಪಾಚಿ ಯೂರಿಕ್ ಆಸಿಡ್‌ನ ಹರಳೇ?

ಅಲ್ಲ. ಅದು ಪ್ಲಾಕ್ ಗಟ್ಟಿಯಾಗಿ ಆದ ಟಾರ್ಟರ್. ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್. ಯೂರಿಕ್ ಆಸಿಡ್ ಮಾತ್ರೆಯಿಂದ ಅದು ಕರಗದು. ಬ್ರಷ್‌ನಿಂದಲೂ ಹೋಗದು, ದಂತವೈದ್ಯರು ಉಪಕರಣದಿಂದ ಶುಚಿ ಮಾಡುವ ಸ್ಕೇಲಿಂಗ್‌ನಲ್ಲೇ ತೆಗೆಯಬೇಕು. ಗೌಟ್‌ನ ಗಂಟುಗಳು ಬಾಯಲ್ಲಿ ಕಾಣಿಸುವುದು ಬಹಳ ಅಪರೂಪ.

ಯೂರಿಕ್ ಆಸಿಡ್ ವರದಿಯನ್ನು ಹೇಗೆ ಓದಬೇಕು?

ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಮಿತಿ ತುಸು ಬದಲಾಗುತ್ತದೆ. ಗಂಡಸರಿಗೆ ಡೆಸಿಲೀಟರಿಗೆ ಸುಮಾರು 3.5ರಿಂದ 7.2 ಮಿಲಿಗ್ರಾಂ, ಹೆಂಗಸರಿಗೆ 2.6ರಿಂದ 6.0 ಎಂದು ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಅಂಕಿ ಏರುತ್ತದೆ. ಮೈಕ್ರೋಮೋಲ್ ಲೆಕ್ಕದಲ್ಲಿ ವರದಿ ಬಂದಿದ್ದರೆ 59.5ರಿಂದ ಭಾಗಿಸಿ.

ನೆನಪಿಡಬೇಕಾದ ಅಂಕಿ 6.8. ದೇಹದ ಸಾಮಾನ್ಯ ಶಾಖದಲ್ಲಿ ಇದಕ್ಕಿಂತ ಹೆಚ್ಚಿನ ಯೂರೇಟ್ ಕರಗಿ ಉಳಿಯಲಾರದು, ಹರಳುಗಟ್ಟುವ ಸಾಧ್ಯತೆ ಶುರುವಾಗುತ್ತದೆ. ಅದಕ್ಕೇ ಗೌಟ್ ಚಿಕಿತ್ಸೆಯಲ್ಲಿ 6ಕ್ಕಿಂತ ಕೆಳಗೆ ಇಳಿಸುವ ಗುರಿ. ಹಾಗೆಂದು 7.5 ಇದ್ದವರಿಗೆಲ್ಲ ಗೌಟ್ ಬರುವುದಿಲ್ಲ. ಅನೇಕರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ. ಕೀಲುನೋವು, ಗಂಟು, ಕಿಡ್ನಿ ಕಲ್ಲು ಯಾವುದೂ ಇಲ್ಲದೆ ಅಂಕಿ ಮಾತ್ರ ಏರಿದ್ದರೆ ಸಾಮಾನ್ಯವಾಗಿ ಮಾತ್ರೆ ಕೊಡುವುದಿಲ್ಲ. ಒಸಡಿನಿಂದ ರಕ್ತ ಬರುವುದು ಮಾತ್ರೆ ಶುರು ಮಾಡಲು ಕಾರಣವಲ್ಲ.

ಪರೀಕ್ಷೆಯ ಹಿಂದಿನ ದಿನ ಮದ್ಯ, ಮೈ ದಣಿಯುವ ವ್ಯಾಯಾಮ, ದೀರ್ಘ ಉಪವಾಸ ಬೇಡ. ಮೂರೂ ಅಂಕಿ ಏರಿಸುತ್ತವೆ. ಗೌಟ್ ಕೆರಳಿರುವಾಗ ತೆಗೆದ ರಕ್ತದಲ್ಲಿ ಅಂಕಿ ಸಾಮಾನ್ಯವೆಂದು ಕಾಣಬಹುದು. ಆಗ ನೋವು ಇಳಿದು ಎರಡು ವಾರವಾದ ಮೇಲೆ ಮತ್ತೆ ಮಾಡಿಸಬೇಕು.

ಒಸಡಿನ ರೋಗವನ್ನು ಅಳೆಯುವುದು ಹೇಗೆ?

ರಕ್ತಪರೀಕ್ಷೆಯಿಂದಲ್ಲ. ಮಿಲಿಮೀಟರ್ ಗುರುತುಗಳಿರುವ ತೆಳು ಕಡ್ಡಿಯಂಥ ಪ್ರೋಬ್ ಅನ್ನು ಪ್ರತಿ ಹಲ್ಲಿನ ಸುತ್ತ ಆರು ಕಡೆ ಒಸಡಿನ ಸಂದಿಗೆ ಮೆಲ್ಲನೆ ಇಳಿಸಿ ನೋಡುತ್ತಾರೆ. 1ರಿಂದ 3 ಮಿ.ಮೀ. ಆಳ ಆರೋಗ್ಯಕರ. 4 ಮಿ.ಮೀ. ಆಳವಿದ್ದು ರಕ್ತವೂ ಬಂದರೆ ಗಮನ ಬೇಕು. 5, 6 ಮಿ.ಮೀ. ಆಳದ ಸಂದಿಗಳ, ಅಂದರೆ ಪಾಕೆಟ್‌ಗಳ ತಳಕ್ಕೆ ನಿಮ್ಮ ಬ್ರಷ್ ತಲುಪುವುದೇ ಇಲ್ಲ. ಮೂಳೆ ಎಷ್ಟು ಇಳಿದಿದೆ ಎಂಬುದು ಎಕ್ಸ್‌ರೇಯಲ್ಲಿ ಕಾಣುತ್ತದೆ. ಈ ಅಳತೆಗಳ ಚಾರ್ಟಿನ ಪ್ರತಿಯನ್ನು ಕೇಳಿ ಪಡೆಯಿರಿ. ಮೂರು ತಿಂಗಳ ನಂತರದ ಚಾರ್ಟಿನೊಡನೆ ಹೋಲಿಸಿದಾಗಲೇ ಚಿಕಿತ್ಸೆ ಫಲಿಸಿದೆಯೋ ಇಲ್ಲವೋ ಗೊತ್ತಾಗುವುದು.

ಸಿಗರೇಟು ಸೇದುವವರಿಗೆ ಒಂದು ಎಚ್ಚರಿಕೆ. ಧೂಮಪಾನ ಒಸಡಿನ ರಕ್ತಸ್ರಾವವನ್ನು ಕಡಿಮೆ ಮಾಡಿ ತೋರಿಸುತ್ತದೆ. ರಕ್ತ ಬರುತ್ತಿಲ್ಲ ಎಂದ ಮಾತ್ರಕ್ಕೆ ರೋಗವಿಲ್ಲ ಎಂದುಕೊಳ್ಳಬಾರದು.

ನಾನು ಗೌಟ್‌ಗೆ ಔಷಧಿ ತೆಗೆದುಕೊಳ್ಳುತ್ತಿದ್ದೇನೆ. ದಂತವೈದ್ಯರಿಗೆ ಹೇಳಲೇಬೇಕೇ?

ಹೇಳಲೇಬೇಕು. ‘ಹಲ್ಲಿಗೂ ಕಾಲಿಗೂ ಏನು ಸಂಬಂಧ’ ಎಂದು ಬಿಟ್ಟುಬಿಡುವವರೇ ಹೆಚ್ಚು. ಮಾತ್ರೆಗಳ ಹಾಳೆಗಳನ್ನೇ ಜೊತೆಗೆ ಒಯ್ಯಿರಿ, ಕಿಡ್ನಿ ಹೇಗಿದೆ ಎಂದು ತೋರಿಸುವ ಇತ್ತೀಚಿನ ಕ್ರಿಯಾಟಿನಿನ್ ವರದಿಯನ್ನೂ ಒಯ್ಯಿರಿ.

ಎಲ್ಲಕ್ಕಿಂತ ಅಪಾಯದ ಜೋಡಿ ಗೌಟ್‌ನ ಔಷಧಿ ಕೋಲ್ಚಿಸಿನ್ ಮತ್ತು ಆಂಟಿಬಯೋಟಿಕ್ ಕ್ಲಾರಿಥ್ರೋಮೈಸಿನ್. ಕೋಲ್ಚಿಸಿನ್ ದೇಹದಿಂದ ಹೊರಹೋಗುವ ದಾರಿಯನ್ನು ಈ ಆಂಟಿಬಯೋಟಿಕ್ ಕಟ್ಟಿಹಾಕುತ್ತದೆ. ಕೋಲ್ಚಿಸಿನ್ ಶೇಖರವಾಗಿ ವಾಂತಿ ಭೇದಿ, ಸ್ನಾಯು ದೌರ್ಬಲ್ಯ, ರಕ್ತಕಣಗಳ ಕುಸಿತ ಉಂಟಾಗುತ್ತದೆ. ಸಾವುಗಳೂ ಆಗಿವೆ, ಅದರಲ್ಲೂ ಕಿಡ್ನಿ ದುರ್ಬಲವಾಗಿದ್ದವರಲ್ಲಿ. ಅದೇ ಗುಂಪಿನ ಎರಿಥ್ರೋಮೈಸಿನ್ ವಿಷಯದಲ್ಲೂ ಎಚ್ಚರ ಬೇಕು. ಬಾಯಿಯ ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲುಕೋನಜೋಲ್, ಇಟ್ರಾಕೋನಜೋಲ್ ಕೂಡ ಇದೇ ತೊಂದರೆ ತರಬಲ್ಲವು. ಇಲ್ಲಿ ಜನ ಎಡವುವುದು ಏಕೆಂದರೆ, ಯೂರಿಕ್ ಆಸಿಡ್ ಇಳಿಸುವ ಅಲೊಪುರಿನಾಲ್ ಶುರು ಮಾಡಿದ ಮೊದಲ 3ರಿಂದ 6 ತಿಂಗಳು ಗೌಟ್ ಕೆರಳದಂತೆ ಕೋಲ್ಚಿಸಿನ್ ಅನ್ನು ಸಣ್ಣ ಪ್ರಮಾಣದಲ್ಲಿ ದಿನವೂ ಕೊಡುವುದುಂಟು. ನೋವು ಇರದ ಕಾರಣ ರೋಗಿ ಅದನ್ನು ಔಷಧಿಯೆಂದು ಲೆಕ್ಕಕ್ಕೇ ಹಿಡಿದಿರುವುದಿಲ್ಲ.

ಅಲೊಪುರಿನಾಲ್ ಜೊತೆ ಅಮಾಕ್ಸಿಸಿಲಿನ್ ಅಥವಾ ಆಂಪಿಸಿಲಿನ್ ಸೇರಿದಾಗ ಚರ್ಮದ ಮೇಲೆ ದದ್ದು ಏಳುವ ಸಂಭವ ಹೆಚ್ಚುತ್ತದೆ. ಅಮಾಕ್ಸಿಸಿಲಿನ್ ಹಲ್ಲಿನ ಸೋಂಕಿಗೆ ಸಾಮಾನ್ಯವಾಗಿ ಬರೆಯುವ ಔಷಧಿ. ಬರೆಯಲೇಬಾರದೆಂದಿಲ್ಲ, ದದ್ದು ಕಂಡರೆ ಕೂಡಲೇ ತಿಳಿಸಬೇಕೆಂಬುದು ರೋಗಿಗೆ ಗೊತ್ತಿರಬೇಕು. ಯೂರಿಕ್ ಆಸಿಡ್ ಅನ್ನು ಮೂತ್ರದಲ್ಲಿ ಹೊರಹಾಕಿಸುವ ಪ್ರೊಬೆನೆಸಿಡ್ ಸೇವಿಸುವವರಲ್ಲಿ ಅಮಾಕ್ಸಿಸಿಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ.

ನೋವಿನ ಮಾತ್ರೆಗಳಲ್ಲಿ ಆಗುವ ತಪ್ಪು ಬೇರೆ ಬಗೆಯದು. ಗೌಟ್‌ಗೆಂದು ನ್ಯಾಪ್ರೊಕ್ಸೆನ್ ಅಥವಾ ಇಂಡೊಮೆಥಾಸಿನ್ ನಡೆಯುತ್ತಿರುವಾಗ ಹಲ್ಲುನೋವಿಗೆಂದು ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ಸೇರಿಸಿಬಿಡುತ್ತಾರೆ. ಎಲ್ಲವೂ ಒಂದೇ ಗುಂಪಿನವು. ನೋವು ಎರಡು ಪಟ್ಟು ಕಡಿಮೆಯಾಗುವುದಿಲ್ಲ, ಹೊಟ್ಟೆಯ ಹುಣ್ಣು ಮತ್ತು ಕಿಡ್ನಿಯ ಮೇಲಿನ ಹೊರೆ ಮಾತ್ರ ಹೆಚ್ಚುತ್ತವೆ. ಆ ಗುಂಪಿನದೊಂದು ಆಗಲೇ ನಡೆಯುತ್ತಿದ್ದರೆ ಪ್ಯಾರಾಸಿಟಮಾಲ್ ಸೇರಿಸುವುದು ವಾಸಿ. ಹಲ್ಲುನೋವಿಗೆ ಆಸ್ಪಿರಿನ್ ಬೇಡ: ಕಡಿಮೆ ಪ್ರಮಾಣದಲ್ಲಿ ಅದು ಯೂರಿಕ್ ಆಸಿಡ್ ಅನ್ನು ಕಿಡ್ನಿಯಲ್ಲೇ ತಡೆಹಿಡಿಯುತ್ತದೆ, ರಕ್ತಸ್ರಾವವನ್ನೂ ಹೆಚ್ಚಿಸುತ್ತದೆ. ಆದರೆ ಹೃದಯಕ್ಕೆಂದು ವೈದ್ಯರು ಬರೆದ ಸಣ್ಣ ಆಸ್ಪಿರಿನ್ ಅನ್ನು ಯೂರಿಕ್ ಆಸಿಡ್ ನೆಪದಲ್ಲಾಗಲಿ, ಸ್ಕೇಲಿಂಗ್ ನೆಪದಲ್ಲಾಗಲಿ ನೀವಾಗಿ ನಿಲ್ಲಿಸಬೇಡಿ.

ಬಿಪಿ ಮಾತ್ರೆ ಒಸಡಿಗೂ ಯೂರಿಕ್ ಆಸಿಡ್‌ಗೂ ಏನಾದರೂ ಮಾಡುತ್ತದೆಯೇ?

ಮಾಡುತ್ತದೆ, ಅದೂ ಬೇರೆ ಬೇರೆ ದಿಕ್ಕಿನಲ್ಲಿ. ಹೈಡ್ರೋಕ್ಲೋರೋಥಯಾಜೈಡ್, ಫ್ಯುರೊಸೆಮೈಡ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆಗಳು ಯೂರಿಕ್ ಆಸಿಡ್ ಏರಿಸುತ್ತವೆ. ಬಾಯಿ ಒಣಗಿಸುವುದರಿಂದ ಪ್ಲಾಕ್ ಬೇಗ ಕಟ್ಟುತ್ತದೆ. ಅಮ್ಲೊಡಿಪಿನ್, ನಿಫೆಡಿಪಿನ್ ಯೂರಿಕ್ ಆಸಿಡ್ ಏರಿಸುವುದಿಲ್ಲ, ಆದರೆ ಕೆಲವರಲ್ಲಿ ಒಸಡು ಉಬ್ಬಿ ಹಲ್ಲಿನ ಮೇಲೆ ಬೆಳೆಯುವಂತೆ ಮಾಡುತ್ತವೆ. ಪ್ಲಾಕ್ ಹೆಚ್ಚಿದ್ದಷ್ಟೂ ಈ ಬೆಳವಣಿಗೆ ಹೆಚ್ಚು. ಅಂಗಾಂಗ ಕಸಿ ಮಾಡಿಸಿಕೊಂಡವರು ಸೇವಿಸುವ ಸೈಕ್ಲೋಸ್ಪೊರಿನ್ ಎರಡನ್ನೂ ಮಾಡುತ್ತದೆ: ಒಸಡೂ ಬೆಳೆಯುತ್ತದೆ, ಯೂರಿಕ್ ಆಸಿಡ್ಡೂ ಏರುತ್ತದೆ. ಲೊಸಾರ್ಟಾನ್ ಮಾತ್ರ ಯೂರಿಕ್ ಆಸಿಡ್ ಅನ್ನು ಸ್ವಲ್ಪ ಇಳಿಸುತ್ತದೆ.

ಮಾತ್ರೆ ಶುರುವಾದ ಕೆಲವು ತಿಂಗಳಲ್ಲಿ ಮುಂದಿನ ಹಲ್ಲುಗಳ ನಡುವಿನ ಒಸಡು ದಪ್ಪಗಾಗಿದ್ದರೆ ಬದಲಿ ಇದೆಯೇ ಎಂದು ಮಾತ್ರೆ ಬರೆದ ವೈದ್ಯರನ್ನೇ ಕೇಳಿ. ನೀವಾಗಿ ನಿಲ್ಲಿಸಿದರೆ ರಕ್ತದೊತ್ತಡ ಏರುತ್ತದೆ.

ಅಲೊಪುರಿನಾಲ್ ಶುರು ಮಾಡಿದ ಮೇಲೆ ಬಾಯಿ ಹುಣ್ಣಾಗಿದೆ. ಇದು ಒಸಡಿನ ರೋಗವೇ?

ಹಾಗೆ ತಿಳಿದು ಕಾಯಬೇಡಿ. ಜ್ವರ, ಮೈಮೇಲೆ ದದ್ದು, ಕಣ್ಣುರಿ, ಬಾಯಲ್ಲಿ ಗುಳ್ಳೆ ಅಥವಾ ಸಿಪ್ಪೆ ಸುಲಿದಂಥ ಹುಣ್ಣು ಕಂಡರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ಅಲೊಪುರಿನಾಲ್‌ನ ಅಪರೂಪದ ಆದರೆ ಜೀವಕ್ಕೆ ಎರವಾಗಬಲ್ಲ ಅಲರ್ಜಿ ಹೀಗೆ ತಲೆದೋರಬಹುದು, ಹೆಚ್ಚಾಗಿ ಮೊದಲ ಕೆಲವು ವಾರಗಳಿಂದ ತಿಂಗಳುಗಳ ಒಳಗೆ. ಈ ಅಪಾಯ ತಗ್ಗಿಸಲೆಂದೇ ಅದನ್ನು ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಶುರು ಮಾಡುವುದು.

ಸ್ಕೇಲಿಂಗ್ ಅಥವಾ ಒಸಡಿನ ಶಸ್ತ್ರಚಿಕಿತ್ಸೆಯಿಂದ ಗೌಟ್ ಕೆರಳಬಹುದೇ?

ಸಾಧಾರಣ ಸ್ಕೇಲಿಂಗ್‌ನಿಂದ ಭಯವಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆ, ಊಟ ಬಿಡುವುದು, ನೀರು ಕಡಿಮೆ ಕುಡಿಯುವುದು ಇವು ಗೌಟ್ ಕೆರಳಿಸುವ ಗೊತ್ತಿರುವ ಕಾರಣಗಳು. ಒಸಡು ಕೊಯ್ದು ಹೊಲಿಗೆ ಹಾಕಿದ ಮೇಲೆ ನೋವಿಗೆ ಹೆದರಿ ಜನ ಮಾಡುವುದೂ ಇದನ್ನೇ, ಎರಡು ದಿನ ಏನೂ ತಿನ್ನದೆ ಕುಡಿಯದೆ ಇರುವುದು. ಮೆತ್ತಗಿನ, ತಣ್ಣಗಿನ ಆಹಾರವನ್ನು ಹೊತ್ತಿಗೆ ಸರಿಯಾಗಿ ತಿನ್ನಿ. ನೀರನ್ನು ಲೋಟದಿಂದ ಮೆಲ್ಲಗೆ ಕುಡಿಯಿರಿ, ಸ್ಟ್ರಾ ಹೀರಬೇಡಿ. ಹೀರುವ ಒತ್ತಡಕ್ಕೆ ಗಾಯದ ಹೆಪ್ಪು ಕಳಚಬಹುದು. ದಿನವೂ ನುಂಗುವ ಅಲೊಪುರಿನಾಲ್ ಅಥವಾ ಫೆಬುಕ್ಸೊಸ್ಟಾಟ್ ತಪ್ಪಿಸಬೇಡಿ. ಗೌಟ್ ಕೆರಳಿದರೂ ಅವನ್ನು ನಿಲ್ಲಿಸಬಾರದು, ಅಂಕಿ ಏರಿಳಿತವಾದರೆ ನೋವು ಇನ್ನಷ್ಟು ಎಳೆಯುತ್ತದೆ.

ಗೌಟ್ ಕೆರಳಿರುವಾಗಲೇ ಅವಸರವಿಲ್ಲದ ದಂತಚಿಕಿತ್ಸೆಯ ದಿನ ಬಂದರೆ ಮುಂದೂಡಿ. ಕೀವು, ಮುಖದ ಊತ ಇದ್ದರೆ ಮುಂದೂಡಬೇಡಿ.

ಒಸಡಿಗೆ ಚಿಕಿತ್ಸೆ ಮಾಡಿಸಿದರೆ ಯೂರಿಕ್ ಆಸಿಡ್ ಇಳಿಯುತ್ತದೆಯೇ?

ಆ ನಿರೀಕ್ಷೆ ಇಟ್ಟುಕೊಳ್ಳಬೇಡಿ. ದೇಹದ ಯೂರಿಕ್ ಆಸಿಡ್‌ನ ಮೂರರಲ್ಲಿ ಎರಡು ಪಾಲು ಕಿಡ್ನಿಯಿಂದ, ಉಳಿದದ್ದು ಕರುಳಿನಿಂದ ಹೊರಹೋಗುತ್ತದೆ. ಹೆಚ್ಚಿನವರಲ್ಲಿ ಅಂಕಿ ಏರಲು ಕಾರಣ ಕಿಡ್ನಿ ಸಾಕಷ್ಟು ಹೊರಹಾಕದಿರುವುದು. ಹಲ್ಲು ಶುಚಿ ಮಾಡಿಸಿದರೆ ಅದು ಬದಲಾಗದು. ಮಧುಮೇಹ ಇರುವವರಿಗೆ ಮಾತ್ರ ಸ್ಪಷ್ಟ ಲಾಭವಿದೆ: ಒಸಡಿನ ಚಿಕಿತ್ಸೆಯ ಮೂರು ನಾಲ್ಕು ತಿಂಗಳ ನಂತರ ಎಚ್‌ಬಿಎ1ಸಿ ಸರಾಸರಿ 0.4 ಅಂಶದಷ್ಟು ಇಳಿಯುವುದು ಹಲವು ಪ್ರಯೋಗಗಳಲ್ಲಿ ಕಂಡಿದೆ.

ತಿರುಗಿಸಿ ಕೇಳಿದರೂ ಉತ್ತರ ಹೆಚ್ಚುಕಡಿಮೆ ಅದೇ. ಒಸಡಿಗಾಗಿ ಅಲೊಪುರಿನಾಲ್ ತೆಗೆದುಕೊಳ್ಳುವ ಚಿಕಿತ್ಸೆ ಇಲ್ಲ.

ಯೂರಿಕ್ ಆಸಿಡ್ ಇಳಿಸಲು ದಿನವೂ ನಿಂಬೆರಸ ಕುಡಿಯುತ್ತೇನೆ. ಹಲ್ಲಿಗೆ ತೊಂದರೆಯೇ?

ಹೌದು, ಹೀಗೆ ಕುಡಿದರೆ. ನಿಂಬೆರಸದ ಆಮ್ಲ ಹಲ್ಲಿನ ಎನಾಮೆಲ್ ಮೆತ್ತಗಾಗಿಸುತ್ತದೆ. ಒಸಡು ಇಳಿದು ಬೇರು ಹೊರಗೆ ಕಂಡಿರುವವರಿಗೆ ಇನ್ನೂ ಕಷ್ಟ, ಬೇರಿನ ಮೇಲೆ ಎನಾಮೆಲ್ ಇರುವುದೇ ಇಲ್ಲ. ಜುಮ್ಮೆನ್ನುವ ನೋವು ಶುರುವಾಗುತ್ತದೆ. ಕುಡಿಯಲೇಬೇಕೆಂದರೆ ನೀರು ಹೆಚ್ಚು ಬೆರೆಸಿ, ಒಂದೇ ಸಲ ಕುಡಿದು ಮುಗಿಸಿ, ಗಂಟೆಗಟ್ಟಲೆ ಗುಟುಕರಿಸಬೇಡಿ. ಆಮೇಲೆ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಕಳೆದೇ ಹಲ್ಲುಜ್ಜಿ. ಮಾತ್ರೆಯ ಬದಲಿಗೆ ಇದನ್ನೇ ನಂಬುವಂತಿಲ್ಲ. ಅಡುಗೆ ಸೋಡಾ ಕುಡಿಯುವುದಂತೂ ಬೇಡ, ಅದರ ಸೋಡಿಯಂ ರಕ್ತದೊತ್ತಡಕ್ಕೂ ಕಿಡ್ನಿಗೂ ಒಳ್ಳೆಯದಲ್ಲ.

ಎರಡಕ್ಕೂ ಒಟ್ಟಿಗೆ ಉಪಯೋಗವಾಗುವ ಆಹಾರ ಬದಲಾವಣೆ ಯಾವುದು?

ಸಕ್ಕರೆ ಹಾಕಿದ ತಂಪು ಪಾನೀಯಗಳನ್ನು ಬಿಡುವುದು. ಅದರಲ್ಲಿನ ಫ್ರಕ್ಟೋಸ್ ಯಕೃತ್ತಿನಲ್ಲಿ ಒಡೆಯುವಾಗ ಕೋಶದ ಶಕ್ತಿಯ ಅಣುಗಳು ಖರ್ಚಾಗಿ ಯೂರಿಕ್ ಆಸಿಡ್ ತಯಾರಾಗುತ್ತದೆ. ಬಾಯಲ್ಲಿ ಸಕ್ಕರೆ ಹುಳುಕು ತರುತ್ತದೆ. ಎರಡನೆಯದು ಮದ್ಯ, ಮುಖ್ಯವಾಗಿ ಬಿಯರ್. ಕೆಂಪು ಮಾಂಸ, ಯಕೃತ್ತಿನಂಥ ಒಳಾಂಗ, ಕೆಲವು ಬಗೆಯ ಮೀನು ಮಿತವಾಗಿರಲಿ. ಬೇಳೆಕಾಳುಗಳಲ್ಲಿ ಪ್ಯೂರಿನ್ ಇದ್ದರೂ ಅವು ಗೌಟ್ ಹೆಚ್ಚಿಸುವುದು ಕಂಡುಬಂದಿಲ್ಲ, ಹೆದರಿ ಬಿಡಬೇಕಾಗಿಲ್ಲ. ಆಹಾರದಿಂದ ಮಾತ್ರ ಇಳಿಯುವುದು ಸಾಮಾನ್ಯವಾಗಿ 1 ಮಿಲಿಗ್ರಾಂ ಆಸುಪಾಸು. 9 ಇದ್ದದ್ದು ಪಥ್ಯದಿಂದಲೇ 5ಕ್ಕೆ ಬರುವುದಿಲ್ಲ.

ಒಸಡಿಗೆ ಮನೆಯಲ್ಲಿ ಏನು ಮಾಡಬೇಕು?

ಮೆತ್ತನೆಯ ಬ್ರಷ್ಷನ್ನು ಒಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು, ಸಣ್ಣ ಚಲನೆಯಲ್ಲಿ, ದಿನಕ್ಕೆರಡು ಸಲ ಎರಡೆರಡು ನಿಮಿಷ ಉಜ್ಜಿ. ಹಲ್ಲುಗಳ ಸಂದಿಗೆ ಬ್ರಷ್ ಹೋಗದು, ರೋಗ ಹೆಚ್ಚಾಗಿ ಬಲಿಯುವುದು ಅಲ್ಲೇ. ಒಸಡು ಇಳಿದು ಸಂದಿ ತೆರೆದಿದ್ದರೆ ಫ್ಲಾಸ್ ದಾರಕ್ಕಿಂತ ಇಂಟರ್‌ಡೆಂಟಲ್ ಬ್ರಷ್ ಒಳ್ಳೆಯದು: ಒತ್ತದೆ ಒಳಹೋಗಬೇಕು, ಆದರೆ ಸಂದಿಯನ್ನು ಬಿಗಿಯಾಗಿ ತುಂಬಿಕೊಳ್ಳಬೇಕು. ಒಬ್ಬರ ಬಾಯಿಗೇ ಎರಡು ಮೂರು ಅಳತೆಗಳು ಬೇಕಾಗಬಹುದು. ಮೊದಲ ವಾರ ರಕ್ತ ಬರುತ್ತದೆಂದು ನಿಲ್ಲಿಸಬೇಡಿ. ಉಜ್ಜದಿದ್ದರೆ ರಕ್ತ ನಿಲ್ಲುವುದೇ ಇಲ್ಲ.

ಗೌಟ್‌ನಿಂದ ಬೆರಳು ಬಿಗಿದವರಿಗೆ ಸಣ್ಣ ಹಿಡಿಯ ಬ್ರಷ್ ಹಿಡಿಯಲಾಗದು. ದಪ್ಪ ಹಿಡಿಯ ಎಲೆಕ್ಟ್ರಿಕ್ ಬ್ರಷ್ ಅವರಿಗೆ ಸುಲಭ.

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ದಂತವೈದ್ಯರು ಹೇಳಿದಷ್ಟು ದಿನ ಮಾತ್ರ, ಸಾಮಾನ್ಯವಾಗಿ ಎರಡು ವಾರ. 0.2 ಶೇಕಡಾದ್ದಾದರೆ ಪ್ರತಿ ಸಲ 10 ಮಿಲಿಲೀಟರ್. ಪೇಸ್ಟ್ ಬಳಸಿದ ತಕ್ಷಣ ಹಾಕಿದರೆ ಅದರ ಶಕ್ತಿ ಕುಂದುತ್ತದೆ, ಅರ್ಧ ಗಂಟೆ ಬಿಡಿ. ದೀರ್ಘಕಾಲ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿದು ನಾಲಗೆಯ ರುಚಿ ಕೆಡುತ್ತದೆ. ಪಾಕೆಟ್‌ನೊಳಗಿನ ಟಾರ್ಟರ್‌ಗೆ ಅದು ಏನೂ ಮಾಡದು.

ಸ್ಕೇಲಿಂಗ್ ಮಾಡಿಸಿದ ಮೇಲೆ ಹಲ್ಲು ಸಡಿಲವಾದಂತೆ ಅನ್ನಿಸುತ್ತಿದೆ. ಇದೇಕೆ?

ಟಾರ್ಟರ್ ತುಂಬಿದ್ದ ಸಂದಿ ಖಾಲಿಯಾಗಿದೆ, ಊದಿದ್ದ ಒಸಡು ಕುಗ್ಗಿದೆ. ಸಡಿಲತೆ ಮೊದಲೇ ಇತ್ತು, ಈಗ ಗೊತ್ತಾಗುತ್ತಿದೆ. ತಣ್ಣನೆಯದಕ್ಕೆ ಜುಮ್ಮೆನ್ನುವುದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಗ್ಗುತ್ತದೆ. ಆಳದ ಪಾಕೆಟ್ ಇದ್ದವರಿಗೆ ರೂಟ್ ಪ್ಲೇನಿಂಗ್ (ಒಸಡಿನೊಳಗಿನ ಬೇರಿನ ಮೇಲ್ಮೈ ಶುಚಿ ಮಾಡುವುದು) ಮಾಡಿ, ಎರಡು ಮೂರು ತಿಂಗಳ ನಂತರ ಮತ್ತೆ ಆಳ ಅಳೆಯುತ್ತಾರೆ. 6 ಮಿ.ಮೀ. ಅಥವಾ ಹೆಚ್ಚು ಆಳ ಆಗಲೂ ಉಳಿದಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಅದಾದ ಮೇಲೆ ಮೊದಮೊದಲು ಮೂರು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು.

ಯಾವಾಗ ಕಾಯದೆ ಓಡಬೇಕು?

ದವಡೆ ಅಥವಾ ಕುತ್ತಿಗೆಯ ಊತದ ಜೊತೆ ಜ್ವರ, ಬಾಯಿ ತೆರೆಯಲಾಗದಿರುವುದು, ನುಂಗಲು ಅಥವಾ ಉಸಿರಾಡಲು ಕಷ್ಟ. ಕೀಲು ಕೆಂಪಾಗಿ ಊದಿ ಚಳಿಜ್ವರವೂ ಇದ್ದರೆ ಗೌಟ್ ಎಂದು ಮನೆಯಲ್ಲಿ ಮಾತ್ರೆ ನುಂಗುತ್ತ ಕೂರಬೇಡಿ, ಕೀಲಿನೊಳಗೆ ಸೋಂಕಾಗಿರಬಹುದು. ಕೀಲಿನ ನೀರು ತೆಗೆದು ನೋಡಿದರೆ ಮಾತ್ರ ಎರಡನ್ನೂ ಖಚಿತವಾಗಿ ಬೇರ್ಪಡಿಸಲು ಸಾಧ್ಯ. ಹತ್ತು ನಿಮಿಷ ಒತ್ತಿ ಹಿಡಿದರೂ ಒಸಡಿನ ರಕ್ತ ನಿಲ್ಲದೆ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆಗಳೂ ಎದ್ದಿದ್ದರೆ ದಂತವೈದ್ಯರಿಗಿಂತ ಮೊದಲು ರಕ್ತಪರೀಕ್ಷೆ ಆಗಬೇಕು.